ಗೋಲು ಕಾದ ಭದ್ರಮ್ಮ

ಮಿಲ್ಪಿಟಾಸಿನ ಭದ್ರಮ್ಮ ಕಾಲೇಜು ತಂಡದಲ್ಲಿ ಫುಟ್‌ಬಾಲ್ ಆಡಿದವಳು ಎಂದರೆ ಈಗಲೂ ಜನ ಥಟ್ಟನೆ ನಂಬುವುದಿಲ್ಲ. ಆಡಿದ್ದೂ ಮದುವೆಗೆ ಮುಂಚೆಯಲ್ಲ, ಊರಿನಲ್ಲೂ ಅಲ್ಲ. ಮೂವತ್ತು ದಾಟಿದ ಮೇಲೆ, ಮಗಳನ್ನು ಶಾಲೆಗೆ ಬಿಟ್ಟು, ಸಾರಿಗೆ ಬೇಳೆ ನೆನೆಹಾಕಿ ಬಂದು, ಅಮೆರಿಕದ ಹುಡುಗಿಯರ ಜೊತೆ. ಕೇಳಿದವರು ನಕ್ಕರೆ ಅವಳೂ ನಗುತ್ತಾಳೆ. "ನಾನಾಗಿ ಹುಡುಕ್ಕೊಂಡು ಹೋಗ್ಲಿಲ್ಲ ಕಣ್ರೀ, ಟೈಮ್‌ಟೇಬಲ್ಲು ತಂದು ನಿಲ್ಲಿಸ್ತು," ಎನ್ನುತ್ತಾಳೆ.

ಅದು ಸುಳ್ಳಲ್ಲ. ೧೯೮೩ರಲ್ಲಿ ಅವಳು ಆಲ್ವಿಸೊ ಕಾಲೇಜಿಗೆ ಸೇರಿದ್ದು ಚಿಕ್ಕ ಮಕ್ಕಳಿಗೆ ಪಾಠ ಹೇಳುವ ತರಬೇತಿಗಾಗಿ. ಡೇಕೇರಿನಲ್ಲಿ ಕೆಲಸ ಹಿಡಿಯಬೇಕೆಂಬುದು ಅವಳ ಆಸೆ. ಗಂಡ ಕೆಂಪರಾಜು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಇಂಜಿನಿಯರ್; ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮಗಳು ನಿರುಪಮಾ ಮೂರನೆಯ ಕ್ಲಾಸಿಗೆ ಬಂದಿದ್ದಳು. ಟೌನ್‌ಹೌಸಿನ ನಾಲ್ಕು ಗೋಡೆಗಳ ನಡುವೆ ಭದ್ರಮ್ಮನಿಗೆ ಹಗಲೆಲ್ಲ ಮಾತಿಗೆ ಸಿಗುತ್ತಿದ್ದವಳು ಎರಡು ಮನೆ ಆಚೆಯ ವೇದವತಿ ಒಬ್ಬಳೇ. ಆಕೆ ಬೆಂಗಳೂರು ಬಸವನಗುಡಿಯವಳು, ಒಳ್ಳೆಯವಳೇ, ಆದರೆ ಮಂಡ್ಯದ ಭದ್ರಮ್ಮ "ಸ್ವಲ್ಪ" ಎನ್ನದೆ "ವಸಿ" ಎಂದಾಗಲೆಲ್ಲ ಸಣ್ಣಗೆ ನಗುತ್ತಿದ್ದಳು.

ಕಾಲೇಜಿನಲ್ಲಿ ಯಾವ ಕೋರ್ಸು ಮಾಡಿದರೂ ಒಂದು ಆಟದ ಕ್ಲಾಸು ಕಡ್ಡಾಯ. ಭದ್ರಮ್ಮ ವಾಲಿಬಾಲ್ ಕೇಳಿದಳು, ಅದು ಸಂಜೆ. ಈಜು ಕೇಳುವ ಧೈರ್ಯ ಮಾಡಲಿಲ್ಲ. ಮಗಳ ಶಾಲೆ ಬಿಡುವುದರೊಳಗೆ ಮುಗಿಯುವಂಥದ್ದು ಯಾವುದೆಂದು ಹುಡುಕಿದಾಗ ಉಳಿದದ್ದು ಹೆಂಗಸರ ಸಾಕರ್ ಒಂದೇ. ಮಂಡ್ಯದಲ್ಲಿ ತಾವು ಫುಟ್‌ಬಾಲ್ ಅನ್ನುತ್ತಿದ್ದುದನ್ನೇ ಇವರು ಸಾಕರ್ ಅನ್ನುತ್ತಾರೆ ಎಂಬಷ್ಟು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, ಅದು ಬರೀ ಕ್ಲಾಸಲ್ಲ ಎಂಬುದು. ಆ ಕಾಲೇಜು ಆ ವರ್ಷವೇ ಮೊದಲ ಬಾರಿಗೆ ಹೆಣ್ಣುಮಕ್ಕಳ ತಂಡ ಕಟ್ಟಲು ಹೊರಟಿತ್ತು, ಮತ್ತು ತಂಡಕ್ಕೆ ಜನ ಸಾಲದೆ ಕ್ಲಾಸಿಗೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿತ್ತು.

ಮೊದಲ ದಿನ ಭದ್ರಮ್ಮ ಪ್ಯಾಂಟು, ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಹೋದಳು. ಕಾಲೇಜಿನ ದೊಡ್ಡ ಸ್ಟೇಡಿಯಂ ಗಂಡುಹುಡುಗರದು. ಅಲ್ಲಿ ನಡೆಯುತ್ತಿದ್ದದ್ದು ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡುವ ಅವರ ದೇಶದ ಫುಟ್‌ಬಾಲು. ಹುಡುಗಿಯರಿಗೆ ಕೊಟ್ಟದ್ದು ಪಾರ್ಕಿಂಗ್ ಲಾಟಿನ ಹಿಂದಿನ ಬಯಲು. ಅಲ್ಲಲ್ಲಿ ಹೆಗ್ಗಣದ ಬಿಲಗಳು. ಆಚೆಗೆ ಉಪ್ಪಿನ ಆಗರ, ಅದರಾಚೆ ಕೊಲ್ಲಿ. ಮಧ್ಯಾಹ್ನವಾಯಿತೆಂದರೆ ಕೆಸರಿನ ವಾಸನೆ ಹೊತ್ತ ಗಾಳಿ ಬೀಸುತ್ತಿತ್ತು.

ಕೋಚ್ ಮಿಸ್ ಹಾರ್ಮನ್ ನಲವತ್ತರ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು. ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಆಕೆ ಮೊದಲ ಮಾತಿಗೇ ಹೇಳಿಬಿಟ್ಟಳು: "ನೋಡ್ರಮ್ಮ, ನಾನು ಈ ಆಟವನ್ನ ತಂಡದಲ್ಲಿ ಒಂದು ದಿನವೂ ಆಡಿಲ್ಲ. ನಮ್ಮ ಕಾಲಕ್ಕೆ ಹುಡುಗಿಯರಿಗೆ ತಂಡವೇ ಇರಲಿಲ್ಲ. ಲೈಬ್ರರಿಯಿಂದ ಪುಸ್ತಕ ತಂದು ಓದಿದ್ದೀನಿ. ನೀವೂ ಕಲೀರಿ, ನಾನೂ ಕಲೀತೀನಿ."

ಭದ್ರಮ್ಮನಿಗೆ ಆಕೆ ಅಲ್ಲಿಯೇ ಹಿಡಿಸಿದಳು.

ಹುಡುಗಿಯರು ಹೆಚ್ಚಿನವರು ಸ್ಯಾನ್ ಹೊಸೆಯ ಪೂರ್ವದ ಕಡೆಯವರು. ಅವರಲ್ಲಿ ಚುರುಕಾದವಳು ಟೆರೇಸಾ. ಅವಳ ತಂದೆ ಕೆಲಸ ಮಾಡುತ್ತಿದ್ದ ಕಾರಿನ ಕಾರ್ಖಾನೆ ಆ ಬೇಸಿಗೆಯಲ್ಲಿ ಮುಚ್ಚಿತ್ತು. ತಾಯಿ ಹಣ್ಣು ಡಬ್ಬಿಗೆ ತುಂಬುವ ಕ್ಯಾನರಿಯಲ್ಲಿದ್ದಳು. ಇವಳೂ ಅಲ್ಲಿ ಅರೆಕಾಲ ದುಡಿಯುತ್ತಿದ್ದಳು. ನಾಲ್ಕು ಮಂದಿ ಅಣ್ಣಂದಿರ ಜೊತೆ ಬೀದಿಯಲ್ಲಿ ಆಡಿ ಬೆಳೆದವಳು. ಚೆಂಡು ಅವಳ ಕಾಲಿಗೆ ಸಾಕಿದ ನಾಯಿಮರಿಯಂತೆ ಅಂಟಿಕೊಂಡಿರುತ್ತಿತ್ತು. ತಂಡದ ನಾಯಕಿ ಯಾರೆಂದು ಯಾರೂ ಕೇಳಲೇ ಇಲ್ಲ.

ಎಲ್ಲರೂ ಓಡಲು ಸಿದ್ಧ, ಗೋಲಿನಲ್ಲಿ ನಿಲ್ಲಲು ಮಾತ್ರ ಯಾರೂ ಒಲ್ಲರು. ಮಿಸ್ ಹಾರ್ಮನ್ ಒಬ್ಬೊಬ್ಬರನ್ನೇ ಕಂಬಗಳ ನಡುವೆ ನಿಲ್ಲಿಸಿ ಚೆಂಡೆಸೆದು ನೋಡಿದಳು. ಭದ್ರಮ್ಮನ ಸರದಿ ಬಂತು. ಚೆಂಡು ಎದೆಮಟ್ಟಕ್ಕೆ ಬಂತು, ಹಿಡಿದಳು. ತಲೆಯ ಮೇಲೆ ಬಂತು, ಹಿಡಿದಳು. ಎಡಕ್ಕೆ, ಬಲಕ್ಕೆ, ಎಸೆದದ್ದೆಲ್ಲ ಎರಡು ಕೈಗಳ ನಡುವೆ ಸದ್ದಿಲ್ಲದೆ ಬಂದು ಕೂತಿತು. ಮಂಡ್ಯದ ಕಾಲೇಜಿನಲ್ಲಿ ಅವಳು ಥ್ರೋಬಾಲ್ ಆಡುತ್ತಿದ್ದಳು. ನೆಟ್ಟಿನಾಚೆಯಿಂದ ಬಂದ ಚೆಂಡು ಕೈಯಲ್ಲಿ ತಡವರಿಸಿದರೆ ಅಲ್ಲಿ ಫೌಲು. ಹನ್ನೆರಡು ವರ್ಷ ಮುಟ್ಟದಿದ್ದರೂ ಕೈ ಮರೆತಿರಲಿಲ್ಲ.

"ನೀನೇ ನಮ್ಮ ಕೀಪರ್," ಎಂದಳು ಮಿಸ್ ಹಾರ್ಮನ್.

ಭದ್ರಮ್ಮ ತನಗೆ ತಿಳಿದ ಇಂಗ್ಲಿಷಿನಲ್ಲಿ, ತನಗೆ ಗಂಡ ಇದ್ದಾನೆ, ಮಗು ಇದೆ, ವಯಸ್ಸಾಗಿದೆ, ಎಂದೆಲ್ಲ ಹೇಳಿದಳು. ಕೊನೆಗೆ ನಿಜವಾದ ಅಡ್ಡಿ ಬಾಯಿಗೆ ಬಂತು: "ನಾನು ಚಡ್ಡಿ ಹಾಕೋದಿಲ್ಲ."

"ಕೀಪರ್ ಉದ್ದ ಪ್ಯಾಂಟು ಹಾಕಬಹುದು. ರೂಲ್ಸಲ್ಲೇ ಇದೆ," ಎಂದಳು ಮಿಸ್ ಹಾರ್ಮನ್.

ಭದ್ರಮ್ಮ ಮತ್ತೆ ಹೋಗಿ ಕಂಬಗಳ ನಡುವೆ ನಿಂತಳು.

ಕೆಂಪರಾಜುವಿಗೆ ಅವಳು "ಆಟದ ಕ್ಲಾಸು" ಎಂದಷ್ಟೇ ಹೇಳಿದ್ದಳು. ಅವನೂ ಹೂಂಗುಟ್ಟಿದ್ದ. ಮ್ಯಾಚಿನ ದಿನ ಬರಲು ತಡವಾಗುತ್ತದೆ, ನಿರುಪಮಾ ಶಾಲೆ ಬಿಟ್ಟ ಮೇಲೆ ವೇದವತಿಯ ಮನೆಯಲ್ಲಿ ಇರುತ್ತಾಳೆ ಎಂದಾಗ ಮಾತ್ರ, "ಅದೇನೇ ಅದು ಮ್ಯಾಚು?" ಎಂದು ಹುಬ್ಬೇರಿಸಿದ. ಹೇಳಿದಳು. ಅವನು ತಟ್ಟೆಯಿಂದ ತಲೆಯೆತ್ತಿ ಅವಳನ್ನೇ ನೋಡಿ ನಕ್ಕುಬಿಟ್ಟ. ಕೆಟ್ಟ ನಗೆಯಲ್ಲ. ಒಂದೆರಡು ವಾರದಲ್ಲಿ ತಾನಾಗೇ ಬಿಡುತ್ತಾಳೆ ಎಂದುಕೊಂಡವನ ನಗೆ.

ಮೊದಲ ಪಂದ್ಯದಲ್ಲಿ ಏಳು ಗೋಲು ಬಿದ್ದವು. ಮೇಲಿಂದ ಬಂದದ್ದೆಲ್ಲ ಭದ್ರಮ್ಮನ ಕೈಗೆ ಸಿಕ್ಕಿತು, ನೆಲ ಸವರಿಕೊಂಡು ಬಂದದ್ದೆಲ್ಲ ಒಳಗೆ ಹೋಯಿತು. ಬಗ್ಗುವುದರೊಳಗೆ ಚೆಂಡು ಹಿಂದಿನ ಬಲೆಯಲ್ಲಿರುತ್ತಿತ್ತು. ಬೆವರಿಗೆ ಹಣೆಯ ಕುಂಕುಮ ಮೂಗಿನ ಮೇಲೆ ಇಳಿದು, ಅದು ರಕ್ತವೆಂದುಕೊಂಡ ರೆಫರಿ ಆಟ ನಿಲ್ಲಿಸಿ ಓಡಿಬಂದ. ಮನೆಗೆ ಬಂದ ಮೇಲೆ ಗಂಡ ಕೇಳಿದಾಗ, ಏಳು ಗೋಲಿಗೆ ಸೋತದ್ದನ್ನು ಹೇಳಿದಳು. "ಏಳಾ!" ಎಂದ ಕೆಂಪರಾಜು. ಅವಳು ಪಾತ್ರೆ ತೊಳೆದಳು. ನಾಳೆಯಿಂದ ಸ್ಟಿಕ್ಕರ್ ಬೊಟ್ಟು ಇಟ್ಟುಕೊಂಡು ಹೋಗಬೇಕು ಎಂದುಕೊಂಡಳೇ ಹೊರತು, ನಾಳೆ ಹೋಗಬಾರದು ಎಂದು ಅವಳಿಗೆ ಅನ್ನಿಸಲಿಲ್ಲ. ಆಮೇಲೆ ಅದನ್ನು ನೆನೆದು ಅವಳಿಗೇ ಸೋಜಿಗವಾಯಿತು.

"ನೀನು ಬೀಳೋದನ್ನ ಕಲೀಬೇಕು," ಎಂದಳು ಮಿಸ್ ಹಾರ್ಮನ್, ಮಾರನೆಯ ದಿನ.

ಬೀಳುವುದು! ಎಡವಿದರೆ ನಾಲ್ಕು ಜನ ನೋಡಿದರಾ ಎಂದು ಮೊದಲು ಸುತ್ತ ನೋಡುವ ವಯಸ್ಸು ಅವಳದು. ಬಸುರಿಯಾಗಿದ್ದಾಗ ಮೆಟ್ಟಿಲಿಳಿಯುವಾಗ, ಬಚ್ಚಲಿನಲ್ಲಿ, ಇಲ್ಲಿಗೆ ಬಂದ ಮೇಲೆ ಅಂಗಡಿಯ ಎಸ್ಕಲೇಟರಿನಲ್ಲಿ, ಇಷ್ಟು ವರ್ಷ ಬೀಳದ ಹಾಗೆ ನಡೆಯುವುದನ್ನೇ ಕಲಿತಿದ್ದಳು. ಈಗ ಬೇಕೆಂದೇ ಬೀಳಬೇಕು, ಅದೂ ಮೈಯೆಲ್ಲ ಚಾಚಿ. ಮಿಸ್ ಹಾರ್ಮನ್ ಅವಳನ್ನು ಉದ್ದ ಜಿಗಿತದ ಮರಳಿನ ಗುಂಡಿಗೆ ಕರೆದುಕೊಂಡು ಹೋದಳು. ಪುಸ್ತಕವನ್ನು ತೆರೆದು ಅಂಚಿನಲ್ಲಿಟ್ಟು, ಚಿತ್ರ ನೋಡಿ ನೋಡಿ ತಾನೇ ಮೊದಲು ಬಿದ್ದು ತೋರಿಸಿದಳು. ಆ ಗಟ್ಟಿಮುಟ್ಟಾದ ಹೆಂಗಸು ಮರಳಿನಲ್ಲಿ ದೊಪ್ಪನೆ ಬಿದ್ದು ಕೂದಲಲ್ಲೆಲ್ಲ ಮರಳು ಮಾಡಿಕೊಂಡು ಎದ್ದದ್ದನ್ನು ಕಂಡಾಗ ಭದ್ರಮ್ಮನ ನಾಚಿಕೆ ಅರ್ಧ ಇಳಿಯಿತು. ಮೊಣಕೈ ಮೊದಲು ಊರಬಾರದು. ತೊಡೆ, ಸೊಂಟ, ಭುಜ, ಹೀಗೆ ಒಂದರ ಹಿಂದೊಂದು ನೆಲಕ್ಕೆ ತಾಗಬೇಕು. ಕಣ್ಣು ಮಾತ್ರ ಚೆಂಡಿನ ಮೇಲೆ. ವಾರಗಟ್ಟಲೆ ಬಿದ್ದಳು. ಸೊಂಟದ ಪಕ್ಕ ನೇರಳೆ ಬಣ್ಣದ ಬಾವು ಬಂತು. ಸಂಜೆ ಮನೆಯಲ್ಲಿ ಬಗ್ಗಿ ಕಸ ಗುಡಿಸುವಾಗ "ಅಯ್ಯಪ್ಪಾ" ಎಂದರೆ ನಿರುಪಮಾ, "Mom, are you okay?" ಎನ್ನುತ್ತಿದ್ದಳು.

"ಬಿದ್ದೆ ಕಣವ್ವ."

"Again?"

"ಬೀಳಕ್ಕೇ ಹೋಗೋದು ನಾನು."

ತಂಡ ಸೋಲುತ್ತಲೇ ಹೋಯಿತು. ಆದರೆ ಏಳು ಐದಾಯಿತು, ಐದು ಮೂರಾಯಿತು. ಭದ್ರಮ್ಮನಿಗೆ ಒಂದು ಹೊಸ ಸಂಗತಿ ಗೊತ್ತಾಗಿತ್ತು: ಗೋಲಿನಲ್ಲಿ ನಿಂತವಳಿಗೆ ಇಡೀ ಬಯಲು ಕಾಣುತ್ತದೆ. ಯಾರು ದಣಿದಿದ್ದಾರೆ, ಯಾರ ಬೆನ್ನ ಹಿಂದೆ ಜಾಗ ಬಿಟ್ಟುಹೋಗಿದೆ, ಎಲ್ಲ ಅವಳಿಗೆ ಮೊದಲು ಕಾಣುವುದು. ಕಂಡದ್ದನ್ನು ಕೂಗಿ ಹೇಳಬೇಕು. ಮೊದಮೊದಲು ಇಂಗ್ಲಿಷ್ ಪದ ಹುಡುಕುವುದರೊಳಗೆ ಚೆಂಡು ದಾಟಿಹೋಗುತ್ತಿತ್ತು. ಒಂದು ದಿನ ತಡೆಯಲಾರದೆ "ಎಡಕ್ಕೆ! ಎಡಕ್ಕೆ!" ಎಂದು ಕಿರುಚಿದಳು. ಟೆರೇಸಾ ಏನೋ ಊಹಿಸಿಕೊಂಡು ಎಡಕ್ಕೆ ನುಗ್ಗಿ ಚೆಂಡು ಕಿತ್ತುಕೊಂಡಳು. ಅಂದಿನಿಂದ ಹುಡುಗಿಯರೆಲ್ಲ "ಎಡಕ್ಕೆ", "ಬಲಕ್ಕೆ", "ಬಿಡಬ್ಯಾಡ" ಮೂರನ್ನೂ ಕಲಿತರು. ಎದುರು ತಂಡದವರಿಗೆ ಅರ್ಥವಾಗುವುದಿಲ್ಲವಲ್ಲ, ಅದೊಂದು ಲಾಭ.

ದಸರೆ ಬಂತು. ವೇದವತಿ ಬೊಂಬೆ ಕೂರಿಸಿ ಕನ್ನಡದವರನ್ನೆಲ್ಲ ಕರೆದಳು. ಸನ್ನಿವೇಲಿನಿಂದ, ಸ್ಯಾನ್ ಹೊಸೆಯಿಂದ ಜನ ಬಂದಿದ್ದರು. ಹೆಂಗಸರು ಬೊಂಬೆಗಳ ಮುಂದೆ, ಗಂಡಸರು ಪಕ್ಕದ ಕೋಣೆಯಲ್ಲಿ. ಆರತಿಯಾಗಿ ಕೋಸಂಬರಿ ಹಂಚುವ ಹೊತ್ತಿಗೆ ವೇದವತಿ ನಗುನಗುತ್ತ, "ನಮ್ಮ ಭದ್ರಮ್ಮನೋರು ಏನ್ ಮಾಡ್ತಿದಾರೆ ಗೊತ್ತಾ? ಕಾಲೇಜಲ್ಲಿ ಫುಟ್‌ಬಾಲ್ ಆಡ್ತಿದಾರೆ! ಹದಿನೆಂಟು ವರ್ಷದ ಹುಡುಗೀರ ಜೊತೆ!" ಎಂದಳು. ಕೋಣೆಯೆಲ್ಲ ನಕ್ಕಿತು. "ಗೋಲು ಹೊಡೆದ್ರಾ?" ಎಂದು ಒಬ್ಬಳು. "ಇಲ್ಲಾಮ್ಮ, ಹೊಡೆಸ್ಕೋತಾರಂತೆ," ಎಂದು ವೇದವತಿ. ಮತ್ತೆ ನಗು. ಪಕ್ಕದ ಕೋಣೆಯಿಂದ ವೇದವತಿಯ ಗಂಡ ದ್ವಾರಕಾನಾಥ, "ಏನ್ರೀ ಕೆಂಪರಾಜು, ನಮಗೆ ಹೇಳ್ಲೇ ಇಲ್ಲ!" ಎಂದದ್ದೂ, ಕೆಂಪರಾಜು ಏನೋ ತೊದಲಿದ್ದೂ ಕೇಳಿಸಿತು. ಭದ್ರಮ್ಮನೂ ಎಲ್ಲರೊಡನೆ ನಕ್ಕಳು. ನಕ್ಕು, ಕೈಯಲ್ಲಿದ್ದ ಕೋಸಂಬರಿಯ ದೊನ್ನೆಯನ್ನು ಹಾಗೇ ಕೆಳಗಿಟ್ಟಳು.

ಅಂದು ಆರತಿ ಮುಗಿಸಿ ಅವರು ಸನ್ನಿವೇಲಿಗೆ ಹೋಗಬೇಕಿತ್ತು. ಅಲ್ಲಿ ಇನ್ನೊಬ್ಬರ ಮನೆಯಲ್ಲೂ ಬೊಂಬೆ ಕೂರಿಸಿದ್ದರು. ನಿರುಪಮಾ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಫ್ರೀವೇಗೆ ಏರಿದ ಮೇಲೆ ಕೆಂಪರಾಜು ಬಾಯಿ ತೆರೆದ.

"ಎಲ್ಲರ ಮುಂದೆ ನಗೆಪಾಟಲಾಯ್ತಲ್ಲ ಭದ್ರಾ."

"ನಗೋರು ನಗ್ಲಿ ಬುಡಿ."

"ನಿಂಗೇನು, ನೀನು ಸುಮ್ಕೆ ಕೂತಿದ್ದೆ. ನಾನು ಏನಂತ ಹೇಳ್ಲಿ ಅವರಿಗೆ? ಕೋರ್ಸು ಮಾಡ್ತೀನಿ ಅಂದೆ, ಮಾಡು ಅಂದೆ. ಡ್ರೈವಿಂಗ್ ಕಲೀತೀನಿ ಅಂದೆ, ಕಲಿಸ್ದೆ. ಈ ವಯಸ್ಸಲ್ಲಿ ಇದು ಯಾತಕ್ಕೆ? ಮೈಯೆಲ್ಲಾ ಗಾಯ ಮಾಡ್ಕೊಂಡು, ಬರೀ ಸೋಲಕ್ಕೆ?"

ಭದ್ರಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಹೇಳಬೇಕೆಂದು ಅವಳು ಯಾವತ್ತೂ ಎಣಿಸಿರಲಿಲ್ಲ. ಮಾತು ತಾನಾಗೇ ಬಂತು.

"ನಮ್ಮ ಮದ್ವೆ ನಿಶ್ಚಯ ಆಗೋವಾಗ ನಾನು ಧಾರವಾಡಕ್ಕೆ ಹೋಗ್ಬೇಕಾಗಿತ್ತು. ಗೊತ್ತಾ ನಿಮ್ಗೆ?"

"ಧಾರವಾಡಕ್ಕಾ? ಯಾಕೆ?"

"ಥ್ರೋಬಾಲ್ ಆಡಕ್ಕೆ. ನಮ್ಮ ಕಾಲೇಜಿಂದ ಇಬ್ರನ್ನ ಆರಿಸಿದ್ರು, ನಾನೊಬ್ಳು. ರೈಲು ಟಿಕೆಟ್ಟೂ ಬಂದಿತ್ತು. ಆ ವಾರದಲ್ಲೇ ನೀವೆಲ್ಲ ನೋಡಕ್ಕೆ ಬಂದ್ರಿ. 'ನಮ್ಮ ಮನೆ ಸೊಸೆ ಊರೂರು ತಿರುಗಿ ಚೆಂಡಾಡೋದು ಬ್ಯಾಡ' ಅಂದ್ರು ಮಾವನೋರು. ನಮ್ಮಪ್ಪ ಸರಿ ಅಂದ್ಬುಟ್ಟ. ನನ್ನ ಜಾಗಕ್ಕೆ ಕೆಂಪಮ್ಮ ಅಂತ ಇನ್ನೊಬ್ಳು ಹೋದ್ಳು. ಕಪ್ಪು ಗೆದ್ಕೊಂಡು ಬಂದ್ರು."

"ನಂಗೆ ಯಾರೂ ಹೇಳ್ಲೇ ಇಲ್ವಲ್ಲ," ಎಂದ ಕೆಂಪರಾಜು.

"ನೀವು ಕೇಳ್ಲಿಲ್ಲ."

"ನೀನಾದ್ರೂ ಹೇಳ್ಬೋದಿತ್ತು. ಹನ್ನೆರಡು ವರ್ಷ ಆಯ್ತು."

"ಹೇಳಿ ಏನು? ಅದ್ಯಾವತ್ತೋ ಮುಗ್ದೋಯ್ತು ಅಂದ್ಕೊಂಡಿದ್ದೆ. ಇಲ್ಲಿ ಬಂದು ಚೆಂಡು ಕೈಗೆ ಸಿಕ್ಮೇಲೆ ಗೊತ್ತಾಯ್ತು, ಮುಗ್ದಿಲ್ಲ ಅಂತ."

ಕೆಂಪರಾಜುವಿನ ತಂದೆ ತೀರಿಕೊಂಡು ಮೂರು ವರ್ಷವಾಗಿತ್ತು. ಹೋಗಿ ಕೇಳುವಂತೆಯೂ ಇಲ್ಲ, ಜಗಳವಾಡುವಂತೆಯೂ ಇಲ್ಲ. ಇಳಿಯಬೇಕಾದ ಎಕ್ಸಿಟ್ಟು ಆಗಲೇ ಹಿಂದಾಗಿತ್ತು. ಮುಂದಿನದರಲ್ಲಿ ಇಳಿದು, ಸುತ್ತು ಬಳಸಿ, ಯಾರದೋ ಮನೆಯ ಮುಂದೆ ಕಾರು ತಿರುಗಿಸಿಕೊಂಡು, ಸುಮ್ಮನೆ ವಾಪಸು ಮಿಲ್ಪಿಟಾಸಿಗೇ ಬಂದುಬಿಟ್ಟ. ಸನ್ನಿವೇಲಿನವರಿಗೆ ಮಗುವಿಗೆ ಹುಷಾರಿಲ್ಲವೆಂದು ಫೋನು ಮಾಡಿದರು.

ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಶುಕ್ರವಾರ ಬೆಟ್ಟದ ಕಡೆಯ ದೊಡ್ಡ ಕಾಲೇಜಿನೊಂದಿಗೆ ಪಂದ್ಯವಿತ್ತು. ಅಲ್ಲಿಯವರೆಗೆ ಒಂದೂ ಸೋಲದ ತಂಡ ಅದು. ಕ್ಯಾನರಿಯಲ್ಲಿ ಫಸಲಿನ ಕೊನೆಯ ಟೊಮೆಟೊ ರಾಶಿ ಬಂದು ಬಿದ್ದಿತ್ತು. ಇಬ್ಬರು ಹುಡುಗಿಯರಿಗೆ ಶಿಫ್ಟು ತಪ್ಪಿಸಲಾಗಲಿಲ್ಲ. ಹನ್ನೊಂದು ಮಂದಿಯ ಎದುರು ಒಂಬತ್ತು ಮಂದಿ ನಿಂತರು. ಮಿಸ್ ಹಾರ್ಮನ್, "ಗೆಲ್ಲೋ ಯೋಚನೆ ಬಿಡಿ. ಬಾಗಿಲು ಕಾಯಿರಿ," ಎಂದಳು.

ಕಾದರು. ಟೆರೇಸಾ ಮುಂದೆ ಹೋಗುವುದನ್ನು ಬಿಟ್ಟು ಹಿಂದೆಯೇ ನಿಂತು ಎಲ್ಲರ ಕೆಲಸವನ್ನೂ ಮಾಡಿದಳು. ಭದ್ರಮ್ಮನ ಗಂಟಲು ಕೂಗಿ ಕೂಗಿ ಕಟ್ಟಿತು. ಒಂದು ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು; ಅದು ದೈವ. ಉಳಿದದ್ದು ಕೈಯಿಂದಲೇ ಆಗಬೇಕಿತ್ತು. ಆಟ ಇನ್ನೇನು ಮುಗಿಯಿತು ಎನ್ನುವಾಗ ಅವರ ಎತ್ತರದ ಹುಡುಗಿಯೊಬ್ಬಳು ನುಗ್ಗಿ ಬಂದು, ಎಡ ಮೂಲೆಗೆ, ನೆಲಮಟ್ಟಕ್ಕೆ, ರಭಸವಾಗಿ ಹೊಡೆದಳು. ಅಂಥ ಚೆಂಡನ್ನು ತಾನು ಯಾವತ್ತೂ ಹಿಡಿದದ್ದಿಲ್ಲ ಎಂದು ಯೋಚಿಸಲು ಭದ್ರಮ್ಮನಿಗೆ ಪುರಸೊತ್ತಿರಲಿಲ್ಲ. ತೊಡೆ, ಸೊಂಟ, ಭುಜ ಒಂದರ ಹಿಂದೊಂದು ನೆಲಕ್ಕೆ ತಾಗಿದವು. ಕಣ್ಣು ಬಿಟ್ಟಾಗ ಚೆಂಡು ಎದೆಯ ಕೆಳಗಿತ್ತು, ಬಾಯಲ್ಲಿ ಹುಲ್ಲು.

ಒಂದೂ ಗೋಲಿಲ್ಲದೆ ಆಟ ಮುಗಿಯಿತು. ಗೆಲುವಲ್ಲ, ಬರೀ ಸಮ. ಆದರೂ ಹುಡುಗಿಯರು ಅವಳ ಮೇಲೆ ಬಿದ್ದು ಕುಣಿದ ಕುಣಿತಕ್ಕೆ ಗಂಟು ಬಿಚ್ಚಿಹೋಗಿ ಜಡೆ ಮಣ್ಣಾಯಿತು. ಎದ್ದು ನೋಡುತ್ತಾಳೆ, ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಅವರ ಹಳೆಯ ಕಾರು. ಅದರ ಪಕ್ಕ ಕೆಂಪರಾಜು, ಆಫೀಸಿನ ಅಂಗಿಯಲ್ಲಿ, ಗಾಳಿಗೆ ಹಾರುವ ಟೈಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾನೆ.

ಅವಳು ಹತ್ತಿರ ಹೋದಾಗ ಅವನು ಮೊದಲು ಕೇಳಿದ್ದು ಇಷ್ಟೇ: "ಆ ಕೊನೇದು, ಅದನ್ನ ಹ್ಯಾಗೆ ಹಿಡಿದೆ?"

"ಬಿದ್ದೆ," ಎಂದಳು.

"ನೋಡ್ದೆ. ನೀನು ಬಿದ್ದ ತಕ್ಷಣ ಕಣ್ಣು ಮುಚ್ಕೊಂಡ್ಬುಟ್ಟೆ, ತೆಗ್ದು ನೋಡೋಷ್ಟರಲ್ಲಿ ಕೈಲಿತ್ತು."

"ಆಫೀಸು?"

"ಮೀಟಿಂಗಿತ್ತು. ಹೆಂಡ್ತಿ ಮ್ಯಾಚೈತೆ ಅಂದೆ. ಬಿಟ್ರು." ಟೈಯನ್ನು ಜೇಬಿಗೆ ತುರುಕಿ, "ನಗ್ಲಿಲ್ಲ ಯಾರೂವೆ," ಎಂದ.

ಕಥೆ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ಮುಂದಿನ ಪಂದ್ಯ ದಕ್ಷಿಣಕ್ಕೆ, ಗಿಲ್ರಾಯ್ ಕಡೆ. ಬೆಳ್ಳುಳ್ಳಿ ಹೊಲಗಳ ನಡುವಿನ ಮೈದಾನ. ಆಟ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಕಾಲುಗಳ ಗುಂಪಿನೊಳಗೆ ಚೆಂಡಿಗೆ ಕೈ ಹಾಕಿದಾಗ ಯಾರದೋ ಬೂಟು ಅವಳ ಎಡಗೈ ಮೇಲೆ ಬಿತ್ತು. ಉಂಗುರದ ಬೆರಳು ಪಕ್ಕಕ್ಕೆ ತಿರುಗಿ ನಿಂತದ್ದನ್ನು ಭದ್ರಮ್ಮ ಬೇರೆ ಯಾರದೋ ಬೆರಳೆಂಬಂತೆ ನೋಡಿದಳು. ಆಸ್ಪತ್ರೆಯಲ್ಲಿ ಉಂಗುರ ಕತ್ತರಿಸಿ ತೆಗೆದರು, ಪಟ್ಟಿ ಕಟ್ಟಿದರು. ಈ ಸೀಸನ್ನಿನಲ್ಲಿ ಇನ್ನು ಆಡುವಂತಿಲ್ಲ ಎಂದರು ಡಾಕ್ಟರು. ಕೆಂಪರಾಜು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟು, ಉಪ್ಪು ಹೆಚ್ಚಾದ ಸಾರು ಮಾಡಿ ಬಡಿಸಿದ.

ಉಳಿದಿದ್ದದ್ದು ಕೊನೆಯ ಪಂದ್ಯ. ಕೀಪರ್ ಇಲ್ಲ. ಬಿಟ್ಟುಕೊಡೋಣವೇ ಎಂದು ಮಿಸ್ ಹಾರ್ಮನ್ ಕೇಳಿದಾಗ ಟೆರೇಸಾ, "ನಾನು ನಿಲ್ತೀನಿ. ಭದ್ರಾ ಹೇಳಿಕೊಡ್ಲಿ," ಎಂದಳು. ಭದ್ರಮ್ಮ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಚೆಂಡೆಸೆಯುತ್ತ, ದಿನವೂ ಮರಳಿನ ಗುಂಡಿಯ ಬಳಿ ನಿಂತಳು. ಕಾಲಿನಲ್ಲಿ ಅಷ್ಟು ಜಾಣೆಯಾದ ಹುಡುಗಿಗೆ ಕೈ ಬಾರದು. ಚೆಂಡು ಕಂಡರೆ ಒದೆಯಲು ಹೋಗುತ್ತಿದ್ದಳು. "ಒದೀಬ್ಯಾಡ. ಬಾ ಅಂತ ಕರಿ ಅದನ್ನ," ಎಂದು ಭದ್ರಮ್ಮ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಪಂದ್ಯದ ದಿನ ಅಲ್ಲಿನ ಮಳೆಗಾಲದ ಮೊದಲ ಮಳೆ. ಭದ್ರಮ್ಮ ಛತ್ರಿ ಹಿಡಿದು ಗೋಲಿನ ಹಿಂದೆ ನಿಂತು ಕೂಗಿದಳು. ಒದ್ದೆ ಚೆಂಡು ಟೆರೇಸಾಳ ಕೈಯಿಂದ ಎರಡು ಸಲ ಜಾರಿತು, ಎರಡೂ ಸಲ ಯಾರೋ ಒದ್ದು ಆಚೆ ಕಳಿಸಿದರು. ಆಚೆ ತುದಿಯಲ್ಲಿ, ಸೀಸನ್ನೆಲ್ಲ ಒಂದೂ ಗೋಲು ಹೊಡೆಯದಿದ್ದ ಸಣಕಲು ಹುಡುಗಿಯೊಬ್ಬಳು ಕೆಸರಿನಲ್ಲಿ ಸಿಕ್ಕಿದ್ದ ಚೆಂಡನ್ನು ಹೇಗೋ ಒಳಗೆ ತಳ್ಳಿದಳು. ಒಂದು ಗೋಲಿನಿಂದ ಆಲ್ವಿಸೊ ಕಾಲೇಜು ಗೆದ್ದಿತು. ಇಡೀ ಸೀಸನ್ನಿಗೆ ಅದೊಂದೇ ಗೆಲುವು.

ಎಲ್ಲರೂ ನಡುಬಯಲಿಗೆ ಓಡಿದರು. ಭದ್ರಮ್ಮನೂ ಹೊರಟವಳು ಗೋಲಿನ ಕಂಬದ ಬಳಿ ನಿಂತುಬಿಟ್ಟಳು. ಸಂತೋಷವಾಗಿತ್ತು, ಕಣ್ಣು ತುಂಬಿತ್ತು. ಅದರ ಅಡಿಯಲ್ಲಿ ಇನ್ನೊಂದು ಏನೋ ಕಚ್ಚುತ್ತಿತ್ತು. ಟೆರೇಸಾ ತಿರುಗಿ ಬಂದು ಅವಳ ಒಳ್ಳೆಯ ಕೈ ಹಿಡಿದು, "ಪೂರ್ತಿ ಹೊತ್ತು ಹೆದರಿಕೆ ಆಗಿತ್ತು ನನಗೆ. ನಿನಗೂ ಹೀಗೇ ಆಗ್ತಿತ್ತಾ?" ಎಂದಳು.

"ಪ್ರತಿ ಸಲ."

"ನನಗೆ ಕಾಣಲೇ ಇಲ್ಲ!"

"ನೀನು ಮುಂದೆ ನೋಡ್ತಿದ್ದೆ. ನಾನು ಹಿಂದೆ ಇದ್ದೆ," ಎಂದಳು ಭದ್ರಮ್ಮ. ಇಬ್ಬರೂ ನಕ್ಕರು. ಟೆರೇಸಾ ಅವಳನ್ನು ಎಳೆದುಕೊಂಡೇ ಹೋದಳು.

ಕಾರಿನಲ್ಲಿ ಕೂತ ಮೇಲೆ ಭದ್ರಮ್ಮ ಗಂಡನಿಗೆ ಹೇಳಿದಳು: "ನಾನಿಲ್ದಾಗ ಗೆದ್ರಲ್ಲ ಅಂತ ಹೊಟ್ಟೆ ಉರೀತು ಕಣ್ರೀ. ಆ ಮಕ್ಕಳು ಅಷ್ಟು ಸಂತೋಷ ಪಡ್ತಿದ್ರೆ, ನಂಗೆ ಹಂಗಾಯ್ತು."

ಕೆಂಪರಾಜು ವೈಪರ್ ಹಾಕಿ, ಗಾಜು ತಿಳಿಯಾಗುವುದನ್ನು ನೋಡುತ್ತ ಕೂತ. "ಹೋದ ವರ್ಷ ನನ್ನನ್ನ ಒಂದು ಪ್ರಾಜೆಕ್ಟಿಂದ ತೆಗೆದು ಬೇರೇದಕ್ಕೆ ಹಾಕಿದ್ರಲ್ಲ. ನಾನು ಬಿಟ್ಟು ಆರು ತಿಂಗಳಿಗೆ ಅದು ಸಕ್ಸಸ್ ಆಯ್ತು. ಕೇಕ್ ಕತ್ತರಿಸಿದ್ರು. ನಾನೂ ತಿಂದೆ. ಗಂಟಲಲ್ಲಿ ಇಳೀಲಿಲ್ಲ."

"ನಂಗೆ ಹೇಳ್ಲೇ ಇಲ್ವಲ್ಲ ನೀವು."

"ನೀನು ಕೇಳ್ಲಿಲ್ಲ," ಎಂದ ಕೆಂಪರಾಜು, ನಗದೆ. ಆಮೇಲೆ ನಕ್ಕ.

ಮಾರನೆಯ ವರ್ಷ ತಂಡಕ್ಕೆ ಸೇರಲು ಹುಡುಗಿಯರು ಸಾಲುಗಟ್ಟಿ ಬಂದರು. ಹೈಸ್ಕೂಲಿನಿಂದಲೇ ಆಡಿ ಬಂದವರು, ಸ್ವಂತ ಬೂಟು ಇದ್ದವರು. ಅವರಲ್ಲೊಬ್ಬಳು ಜೀನಾ, ಹದಿನೆಂಟರವಳು, ಕೈಯೆತ್ತಿ ನಿಂತರೆ ಗೋಲಿನ ಮೇಲಿನ ಅಡ್ಡಪಟ್ಟಿ ಮುಟ್ಟುವ ಎತ್ತರ. ಮೊದಲ ವಾರದಲ್ಲೇ ಭದ್ರಮ್ಮನಿಗೆ ಗೊತ್ತಾಯಿತು, ಗೋಲು ಇನ್ನು ಆ ಹುಡುಗಿಯದು. ಮಿಸ್ ಹಾರ್ಮನ್ ಹೇಳಲು ಸಂಕಟಪಡುತ್ತಿದ್ದಾಗ ತಾನೇ ಹೋಗಿ, "ಅವಳು ನನಗಿಂತ ಚೆನ್ನಾಗಿ ಆಡ್ತಾಳೆ. ನಾನು ಬೆಂಚಿನ ಮೇಲೆ ಇರ್ತೀನಿ," ಎಂದಳು. ಹೇಳಿದಷ್ಟು ಸುಲಭವಾಗಿರಲಿಲ್ಲ ಬೆಂಚಿನ ಮೇಲಿರುವುದು. ಮೊದಲೆರಡು ಪಂದ್ಯಗಳಲ್ಲಿ ಜೀನಾ ತಪ್ಪು ಮಾಡಲಿ ಎಂದು ಒಳಗೊಳಗೇ ಕಾಯುತ್ತಿದ್ದಳು. ಮೂರನೆಯದರಲ್ಲಿ ಆ ಹುಡುಗಿ ನಿಜವಾಗಿಯೂ ತಪ್ಪು ಮಾಡಿ, ಗೋಲು ತಿಂದು, ಮುಖ ಮುಚ್ಚಿಕೊಂಡು ನಿಂತಾಗ ಭದ್ರಮ್ಮ ಬೆಂಚಿನಿಂದ ಎದ್ದು "ಬಿಡಬ್ಯಾಡ!" ಎಂದು ಕೂಗಿದಳು. ಅಲ್ಲಿಂದ ಕಾಯುವುದು ನಿಂತಿತು. ಅಷ್ಟರಲ್ಲಿ ಡೇಕೇರಿನಲ್ಲಿ ಅರ್ಧ ದಿನದ ಕೆಲಸವೂ ಸಿಕ್ಕಿತ್ತು. ಬೆಳಿಗ್ಗೆಯೆಲ್ಲ ಎರಡು ವರ್ಷದ ಮಕ್ಕಳನ್ನು ಎತ್ತಿ ಆಡಿಸಿ, ಮಧ್ಯಾಹ್ನ ಬಯಲಿಗೆ ಬರುತ್ತಿದ್ದಳು.

ಆ ವರ್ಷದ ಕೊನೆಯ ಪಂದ್ಯದಲ್ಲಿ ತಂಡ ಐದು ಗೋಲು ಮುಂದಿತ್ತು. ಮಿಸ್ ಹಾರ್ಮನ್ ಬೆಂಚಿನ ಹತ್ತಿರ ಬಂದು, "ಹೋಗ್ತೀಯಾ?" ಎಂದಳು. ಭದ್ರಮ್ಮ ಜಡೆ ಬಿಗಿಯಾಗಿ ಸುತ್ತಿಕೊಂಡು ಎದ್ದಳು. ಜೀನಾ ಓಡಿಬಂದು ಅವಳ ಅಂಗೈಗೆ ಅಂಗೈ ತಟ್ಟಿ ಹೊರಗೆ ಹೋದಳು. ಬೇಲಿಯ ಬಳಿ ಕೆಂಪರಾಜು, ನಿರುಪಮಾ. ಅವರ ಪಕ್ಕ, ತಾನೂ ಒಮ್ಮೆ ನೋಡಬೇಕೆಂದು ಹಟಹಿಡಿದು ಬಂದಿದ್ದ ವೇದವತಿ, ಗಾಳಿಗೆ ಸೆರಗು ಹೊದ್ದುಕೊಂಡು.

ಆಟ ಆಚೆ ತುದಿಯಲ್ಲೇ ನಡೆಯಿತು. ಚೆಂಡು ಒಂದು ಸಲವೂ ಈ ಕಡೆ ಬರಲಿಲ್ಲ. ಬಿಸಿಲು ಹಿತವಾಗಿತ್ತು. ಭದ್ರಮ್ಮ ಮಂಡಿ ಸ್ವಲ್ಪ ಬಗ್ಗಿಸಿ, ಕೈಗಳನ್ನು ಮುಂದೆ ಚಾಚಿ, ಬಂದೀತೆಂದು ಸಿದ್ಧವಾಗಿ ನಿಂತೇ ಇದ್ದಳು. ಸೀಟಿ ಊದಿದ ಮೇಲೂ ತುಸು ಹೊತ್ತು ಹಾಗೇ ನಿಂತಿದ್ದಳು. ಬೇಲಿಯಾಚೆಯಿಂದ ವೇದವತಿ, "ಏನ್ರೀ ಭದ್ರಮ್ಮ, ನಿಮಗೇನೂ ಕೆಲಸಾನೇ ಸಿಗ್ಲಿಲ್ವಲ್ಲ!" ಎಂದು ಕೂಗಿದಳು.

"ಸಿಕ್ತು ಕಣ್ರೀ, ಬಾಗ್ಲು ಕಾದೆ," ಎಂದು ಭದ್ರಮ್ಮ ಅಲ್ಲಿಂದಲೇ ಕೂಗಿ ಹೇಳಿದಳು.